ಕೂಲರಿಗೆ ಕಟ್ಟಿದ ಹಾರ

14-5-2003, ಬುಧವಾರ

ಬೈದ ಬಾಯಿ ಇನ್ನೂ ಉರಿಯುತ್ತಿದೆ. ಟ್ರೇಲರ್ ಎಳೆಯುವಾಗ ನಮ್ಮ ಪಿಕಪ್ಪಿನ ಗೇರ್ ಎಣ್ಣೆ ಕಾಯಬಾರದೆಂದು ಮೆಕ್ಯಾನಿಕ್ ಸೆಲ್ವರಾಜು ನಿನ್ನೆ ಮುಂದುಗಡೆ ಕೂಲರ್ ಕೂರಿಸಿದ. ಬೆಳಿಗ್ಗೆ ನಾನೇ ಪೂಜೆ ಮಾಡಿ, ಅದು ಕಾಣದಷ್ಟು ದಪ್ಪ ಚೆಂಡುಹೂವಿನ ಹಾರ ಕಟ್ಟಿದೆ. ಚಹಾ ಎಲೆ ಹೇರಿಕೊಂಡು ಹೊರಟ ಮಗ ನಂಜುಂಡೇಶನ ಗಾಡಿ ಕೂಕಲ್ತೊರೈ ಏರಿನಲ್ಲಿ ಎಣ್ಣೆ ಕಾದು ಹೊಗೆಯೆದ್ದು, ಗೇರ್ ಹಿಡಿಯದೆ ಹಿಂದಕ್ಕೆ ಜಾರಿತು. ಎಲೆ ಕೀಳುತ್ತಿದ್ದ ಹೆಂಗಸರು ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ಮಗ ಉಳಿದ.

"ನನ್ನ ಮಗನ್ನ ಕೊಲ್ಲೋಕೇ ಕೂರಿಸಿದ್ಯೇನೋ ಈ ಡಬ್ಬಾನ?" ಎಂದು ಸೆಲ್ವರಾಜುವನ್ನು ಬೀದಿಯಲ್ಲಿ ನಿಲ್ಲಿಸಿ ಬೈದೆ.

ಅವನು ಹಾರ ಬಿಚ್ಚಿ ನನ್ನ ಕೈಗಿಟ್ಟ. "ಇದಕ್ಕೆ ಗಾಳಿ ಬಡೀಬೇಕು ಅಜ್ಜಿ. ಹೂವು ಅಡ್ಡ ಬಂತು."

ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ. ಮಗನಿಗೂ ಗೊತ್ತಿಲ್ಲ. ನಾಳೆ ಅದೇ ಬೀದಿಯಲ್ಲಿ, ಅಷ್ಟೇ ಜೋರಾಗಿ, ತಪ್ಪು ನನ್ನದೆಂದು ಹೇಳಬೇಕು. ಧೈರ್ಯ ಬರುತ್ತದೋ ಇಲ್ಲವೋ...