ಅಪ್ಪನ ರೀಡಿಂಗ್ ಪುಸ್ತಕ

ಅಪ್ಪಾ,

ಊಟ ಡಬ್ಬೀಲಿದೆ, ಬಿಸಿ ಮಾಡ್ಕೊ. ಬಿಪಿ ಮಾತ್ರೆ ಮರೀಬೇಡ.

ನಿನ್ನ ರೀಡಿಂಗ್ ಪುಸ್ತಕ ನಾನು ತಗೊಂಡು ಹೋಗ್ತಿದ್ದೀನಿ, ಮನೆಯೆಲ್ಲ ಹುಡುಕಬೇಡ. ಇವತ್ತಿನ ರೀಡಿಂಗ್ ಬರೆಯೋಕೆ ಅಡುಗೆಮನೆ ಕಿಟಕಿ ಹತ್ರ, ಸೆಲ್ ಪಕ್ಕ ಹಾಳೆ ಇಟ್ಟಿದ್ದೀನಿ.

ಒಂದು ವಿಷಯ ಹೇಳ್ಬೇಕು. ನ್ಯಾನೊ ಪದರ ಬಳಿದ ಸೋಲಾರ್ ಸೆಲ್ ಅಂತ ಕೊಟ್ಟೆನಲ್ಲ, ಅದು ನಮ್ಮ ಲ್ಯಾಬಲ್ಲಿ ಕಸಕ್ಕೆ ಹಾಕೋಕೆ ಇಟ್ಟಿದ್ದು. ರಿಟೈರ್ ಆಗಿ ಮನೇಲಿ ಕೂತು ನನ್ನ ತಲೆ ತಿಂತೀಯ ಅಂತ, ದಿನಾ ವೋಲ್ಟೇಜ್ ಬರೆದಿಡು ಅಂದುಬಿಟ್ಟೆ. ಮೂವತ್ತು ವರ್ಷ ಮನೆಮನೆ ಕರೆಂಟ್ ಮೀಟರ್ ಓದಿದವನು ನೀನು, ಒಂದು ದಿನಾನೂ ತಪ್ಪಿಸಲಿಲ್ಲ.

ಮೊನ್ನೆ ಸುಮ್ನೆ ಪುಸ್ತಕ ತೆಗೆದು ನೋಡಿದೆ. ‘ಕುಕ್ಕರ್ ಹಬೆ ತಾಗಿ ಇಳಿದಿದೆ. ಮರುದಿನ ಬಿಸಿಲಿಗೆ ತಾನೇ ಏರಿದೆ’ ಅಂತ ಹನ್ನೊಂದು ಸಲ ಬರೆದಿದ್ದೀಯ. ತೇವ ತಾಗಿದ ಸೆಲ್ಲನ್ನ ಸತ್ತೇ ಹೋಯ್ತು ಅಂತ ನಾವು ಅವತ್ತೇ ಎಸೀತಿದ್ವಿ.

ನಿನ್ನೆ ಮೀಟಿಂಗಲ್ಲಿ ಇದನ್ನ ಹೇಳಿದೆ. ಎಲ್ಲರೂ ಬೆನ್ನು ತಟ್ಟಿದ್ರು. “ನೀನೇ ನೋಡಿದ್ದೇನಮ್ಮಾ?” ಅಂದ್ರು ಪ್ರೊಫೆಸರ್. ಹೂಂ ಅಂದುಬಿಟ್ಟೆ.

ಪುಸ್ತಕ ಅವರ ಮುಂದೆ ಇಟ್ಟು ನಿಜ ಹೇಳೋಕೇ ಇಷ್ಟು ಬೇಗ ಹೊರಟಿದ್ದು.

ಸಂಜೆ ನಾನು ಬಂದ ತಕ್ಷಣ ಚೆನ್ನಾಗಿ ಬೈದುಬಿಡು. ಯಾವಾಗ್ಲಿನ ಥರ “ಹೋಗ್ಲಿ ಬಿಡು ಮಗಳೇ” ಅಂತ ಮಾತ್ರ ಅನ್ನಬೇಡ.