ಚುಕ್ಕಿ ನುಂಗಿದ ಸಾಲು

ಗುರುವಾರ, ಆಫೀಸಿನಲ್ಲಿ ಊಟದ ವಿರಾಮ

ಫೋನ್ ಎತ್ತದ ನನ್ನ ಯಜಮಾನನಿಗೆ,

ಅರ್ಧ ಸಿಟ್ಟು, ಅರ್ಧ ಪ್ರೀತಿ. ಯಾವ ಅರ್ಧ ಮೊದಲು ಎಂದು ನೀನೇ ಆರಿಸಿಕೋ.

ನಿನ್ನೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಪತ್ರವನ್ನೂ ಮೇಜಿನಲ್ಲಿ ಶುರು ಮಾಡಿ, ಕ್ಯಾಂಟೀನಿಗೆ ಎದ್ದು ಹೋಗಿ, ಈಗ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನಿನ್ನ ಅಕ್ಕ ಎತ್ತಿ, ‘ಅವ್ನು ಅಂಗಡೀಲಿ ಮೊಳೆ ತೂಗ್ತಾ ಇದಾನಮ್ಮ, ಆಮೇಲೆ ಮಾಡ್ತಾನೆ’ ಅನ್ನುತ್ತಾರೆ. ಆ ‘ಆಮೇಲೆ’ಗೆ ವರ್ಷ ತುಂಬುತ್ತಾ ಬಂತು. ನಿನ್ನ ಭಾವನ ಅಂಗಡಿಯ ಮೊಳೆಗಳೆಲ್ಲ ಇಷ್ಟು ಹೊತ್ತಿಗೆ ತೂಗಿ ಮುಗಿದಿರಬೇಕು ಮಾರಾಯ.

ಸರಿ, ಸುತ್ತಿ ಬಳಸಿ ಹೇಳುವುದಿಲ್ಲ. ಆ ಸಾಲನ್ನು ನೀನು ಬರೆದಿದ್ದೆ. ಮರೆತಿರಲಿಲ್ಲ. ಕಣ್ಣಾರೆ ನೋಡಿದೆ.

ಈ ಪತ್ರವನ್ನು ನಿನ್ನ ಹೆಗಲ ಮೇಲಿಂದ ಅತ್ತಿಗೆಯೂ ಓದುತ್ತಾರೆಂದು ಗೊತ್ತು, ಆದ್ದರಿಂದ ಅವರಿಗೂ ಅರ್ಥವಾಗುವ ಹಾಗೆ ಹೇಳುತ್ತೇನೆ. (ಅತ್ತಿಗೆ, ನಮಸ್ಕಾರ. ಇವನನ್ನು ಅಲ್ಲಿಂದ ಏಳಬಿಡಬೇಡಿ.) ನಮ್ಮ ಕಂಪನಿಯ ಯಂತ್ರಗಳ ಹಳೆಯ ಕೈಪಿಡಿಗಳನ್ನೆಲ್ಲ ಹೊಸ ರೂಪಕ್ಕೆ ತರುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಹೊಸ ಪದ್ಧತಿಯಲ್ಲಿ ಪ್ರತಿ ತುಂಡಿಗೂ ಅದು ಏನೆಂದು ಹೆಸರಿನ ಟ್ಯಾಗ್ ಹಾಕಬೇಕು: ಇದು ಶೀರ್ಷಿಕೆ, ಇದು ಹಂತ, ಇದು ಎಚ್ಚರಿಕೆ. ಹಳೆಯದರಲ್ಲಿ ಅಷ್ಟೆಲ್ಲ ನಾಜೂಕು ಇರಲಿಲ್ಲ. ಸಾಲಿನ ಮೊದಲ ಅಕ್ಷರ ಚುಕ್ಕಿಯಾದರೆ ಅದು ಓದುವವರಿಗೆ ಬರೆದದ್ದಲ್ಲ, ಯಂತ್ರಕ್ಕೆ ಕೊಟ್ಟ ಆಜ್ಞೆ. ಇಲ್ಲಿ ಜಾಗ ಬಿಡು, ಇಲ್ಲಿ ದಪ್ಪ ಅಕ್ಷರ ಹಾಕು, ಹೀಗೆ. ಅಂಥ ಸಾಲು ಅಚ್ಚಿನಲ್ಲಿ ಬರುವುದಿಲ್ಲ. ಆಜ್ಞೆ ಅರ್ಥವಾಗದಿದ್ದರೆ ಆ ಹಳೆಯ ಯಂತ್ರ ತುಟಿಪಿಟಕ್ಕೆನ್ನದೆ ಇಡೀ ಸಾಲನ್ನು ನುಂಗಿಬಿಡುತ್ತಿತ್ತು.

ನನ್ನ ಹೊಸ ಪ್ರೋಗ್ರಾಮು ಹಾಗಲ್ಲ, ನನ್ನ ಹಾಗೆಯೇ ಬಾಯಿಬಡುಕಿ. ಅರ್ಥವಾಗದ್ದು ಸಿಕ್ಕರೆ ಕೂಗಿಕೊಳ್ಳುತ್ತದೆ. ನಿನ್ನೆ ಸರಕು ಲಿಫ್ಟಿನ ಕೈಪಿಡಿ ಹಾಕಿದೆ. ಬ್ರೇಕಿನ ಅಧ್ಯಾಯಕ್ಕೆ ಬಂದು, ‘.5’ ಎಂಬ ಆಜ್ಞೆ ನನಗೆ ಗೊತ್ತಿಲ್ಲ ಎಂದು ನಿಂತುಬಿಟ್ಟಿತು. ಇದ್ಯಾವ ಆಜ್ಞೆಯಪ್ಪಾ ಎಂದು ಮೂಲ ಫೈಲು ತೆರೆದೆ. ಅಲ್ಲಿದ್ದದ್ದು ಇಷ್ಟು:

ಬ್ರೇಕ್ ಲೈನರಿನ ಸವೆತ ಅಳೆಯಿರಿ.
.5 ಮಿ.ಮೀ.ಗಿಂತ ಹೆಚ್ಚು ಸವೆದಿದ್ದರೆ ಲಿಫ್ಟ್ ಓಡಿಸಬೇಡಿ. ಲೈನರ್ ಬದಲಿಸಿ.
ಬೋಲ್ಟುಗಳನ್ನು ಬಿಗಿಮಾಡಿ.

ನೋಡಿದೆಯಾ? ಅಳೆಯಿರಿ, ಬಿಗಿಮಾಡಿ, ಇವೆರಡೇ ಅಚ್ಚಾದವು. ನಡುವಿನದು ಚುಕ್ಕಿಯಿಂದ ಶುರುವಾಗಿದ್ದಕ್ಕೆ ಮಾಯ. ‘ಸೊನ್ನೆ ಯಾಕೆ ದಂಡ? ಅದಕ್ಕೇನು ಬೆಲೆ ಇದೆಯಾ?’ ಎಂದು ನೀನು ಸೊನ್ನೆಯಲ್ಲೂ ಜುಗ್ಗತನ ಮಾಡುತ್ತಿದ್ದವನು. ಮಹಾನುಭಾವ, ಚುಕ್ಕಿಗೆ ಮೊದಲು ಒಂದು ಸೊನ್ನೆ ಹಾಕಿದ್ದರೆ ಆ ಸಾಲು ಉಳಿಯುತ್ತಿತ್ತು. ನಿನ್ನದು ಏನೂ ತಪ್ಪಿಲ್ಲ ಎಂದು ನಾನು ಬೆಣ್ಣೆ ಹಚ್ಚುವುದಿಲ್ಲ. ಆದರೆ ಕೈತಪ್ಪು ಬೇರೆ, ಒಬ್ಬರ ಜೀವದ ಮಾತನ್ನೇ ಮರೆಯುವುದು ಬೇರೆ.

ವಿಚಾರಣೆಯಲ್ಲಿ ನಿನ್ನ ತಲೆಗೆ ಕಟ್ಟಿದ್ದು ಮರೆವನ್ನು. ಲಿಫ್ಟ್ ಬ್ರೇಕ್ ಹಿಡಿಯದೆ ಇಳಿದು ಮೆಕ್ಯಾನಿಕ್ ಒಬ್ಬರ ಬಲಗೈ ಸಿಕ್ಕಿ ಹೋಗಿದ್ದು, ಕೈಪಿಡಿ ಬರೆದವನು ಸವೆತದ ಮಿತಿಯನ್ನೇ ಬರೆಯದೆ ಬಿಟ್ಟಿದ್ದರಿಂದ ಎಂದರು. ನೀನು ‘ಬರೆದಿದ್ದೆ ಸಾರ್’ ಅಂದೆ. ಅವರು ಅಚ್ಚಾದ ಪ್ರತಿ ತೆರೆದು ತೋರಿಸಿದರು. ಇನ್ನೊಂದು ಪ್ರತಿ, ಮತ್ತೊಂದು ಪ್ರತಿ, ಎಲ್ಲಿದ್ದೀತು? ಹಳೆಯ ಕಂಪ್ಯೂಟರನ್ನು ಆಗಲೇ ಗೋದಾಮಿಗೆ ಹಾಕಿದ್ದರು (ಈಗ ನನ್ನ ಈ ಕೆಲಸಕ್ಕೆಂದೇ ಹೊರತೆಗೆದದ್ದು), ಫೈಲು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ನೀನೇ ‘ಮರೆತಿರಬೇಕು’ ಅಂದುಬಿಟ್ಟೆ. ಕೆಲಸ ಬಿಟ್ಟೆ, ಪೆನ್ನು ಬಿಟ್ಟೆ, ಆಮೇಲೆ ಮನೆಯನ್ನೂ ಬಿಟ್ಟೆ. ಜಗಳವಾಡಿಯಾದರೂ ಹೋಗಬಾರದಿತ್ತೇ? ಬಾಯಿಗೆ ಬಂದದ್ದು ಅಂದು ಹೋಗಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ. ನೀನು ಬರೆದಿದ್ದೀಯ ಎಂದು ನಾನು ಅವತ್ತೂ ನಂಬಿದ್ದೆ. ನಂಬದೇ ಹೋದವನು ನೀನೊಬ್ಬನೇ.

(ಕೆಳಗಿನ ಮಹಡಿಯಿಂದ ಯಾರೋ ಮೇಲೆ ಬಂದರು, ಎದ್ದು ಮನೆಗೇ ಬಂದೆ. ರಜೆ ಕೇಳಿಲ್ಲ. ಕೇಳಿದರೆ ನೋಡೋಣ.)

‘ನೋಡೋಣ’ ಅಂದಾಗ ನೆನಪಾಯಿತು. ನಮ್ಮ ನೋಡೋಣ ಸಾಹೇಬರು ಈಗಲೂ ನೀನಿದ್ದಾಗಿನ ಹಾಗೆಯೇ ಇದ್ದಾರೆ, ಯಾವುದಕ್ಕೂ ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ. ಆದರೆ ಆ ಸಾಲು ತೋರಿಸಿದಾಗ ಮಾತ್ರ ಜೀವಮಾನದಲ್ಲೇ ಮೊದಲ ಬಾರಿಗೆ ಥಟ್ಟನೆ ನಿರ್ಧಾರ ಮಾಡಿದರು. ‘ಸುಮ್ನೆ ಸೇರಿಸ್ಬಿಡಿ. ಹೊಸ ಪುಸ್ತಕ ಸರಿಯಾಗಿದ್ರೆ ಸಾಕಲ್ವಾ? ಹಳೇದನ್ನ ಯಾಕೆ ಕೆದಕ್ತೀರಿ?’ ಎಂದರು. ಹೊಸ ರೂಪದಲ್ಲಿ ‘ಬದಲಾವಣೆಯ ಕಾರಣ’ ಎಂದು ಒಂದು ಟ್ಯಾಗ್ ಇದೆ, ಅದು ಖಾಲಿಯಿದ್ದರೆ ಫೈಲು ಮುಂದೆ ಹೋಗುವುದಿಲ್ಲ. ಅಲ್ಲಿ ‘ಸಣ್ಣಪುಟ್ಟ ತಿದ್ದುಪಡಿ’ ಎಂದು ಬರೆಯಿರಿ ಅಂದರು.

ಸಣ್ಣಪುಟ್ಟವಂತೆ! ಒಬ್ಬರ ಕೈ, ಇನ್ನೊಬ್ಬರ ಮಾನ, ನನ್ನ ಸಂಸಾರ, ಎಲ್ಲ ಸೇರಿ ಸಣ್ಣಪುಟ್ಟ! ನನಗೆ ಮೈಯೆಲ್ಲ ಉರಿದುಹೋಯಿತು. ಹಾಗೆ ಬರೆದರೆ ನಿನ್ನ ಮೇಲಿನ ಮಾತು ಶಾಶ್ವತವಾಗಿ ಹಾಗೇ ಉಳಿಯುತ್ತದೆ. ಲಿಫ್ಟುಗಳ ಪಕ್ಕ ತೂಗುಹಾಕಿದ ಹಳೆಯ ಪ್ರತಿಗಳೂ ಅಲ್ಲೇ ಉಳಿಯುತ್ತವೆ. ಉಳಿದ ಕೈಪಿಡಿಗಳಲ್ಲಿ ಇನ್ನೂ ಎಷ್ಟು ಸಾಲು ಹೀಗೆ ಹೋಗಿದೆಯೋ ಯಾರಿಗೆ ಗೊತ್ತು. ಅವುಗಳಲ್ಲಿ ಮುಕ್ಕಾಲುಪಾಲು ನೀನೇ ಬರೆದದ್ದು.

ಸೋಮವಾರ ಸುರಕ್ಷತಾ ಸಮಿತಿ ಕೂರುತ್ತದೆ. ಆ ಟ್ಯಾಗನ್ನು ನಾನು ಖಾಲಿ ಬಿಟ್ಟಿದ್ದೇನೆ. ಫೈಲಿನಲ್ಲಿ ಬರೆದವರ ಹೆಸರಿಲ್ಲ, ಆಮೇಲೆ ಯಾರೋ ಸೇರಿಸಿದ್ದು ಎಂದರೂ ಅಂದಾರು, ಇದು ನನ್ನ ಸಾಲು ಎಂದು ಹೇಳಬೇಕಾದವನು ನೀನು. ನಾನು ಹೇಳಿದರೆ, ಗಂಡನ ಪರ ಹೆಂಡತಿ ಅಲ್ಲದೆ ಇನ್ಯಾರು ಮಾತಾಡುತ್ತಾರೆ ಎಂದು ನಕ್ಕು ಮುಗಿಸುತ್ತಾರೆ. ನೀನು ಬರದಿದ್ದರೆ ಸಾಹೇಬರು ತಮ್ಮ ಕೈಯಾರೆ ‘ಸಣ್ಣಪುಟ್ಟ’ ಎಂದು ತುಂಬಿ ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು.

ಮೆಕ್ಯಾನಿಕ್ಕಿಗೆ ಹೇಳಿದೆಯಾ ಎಂದು ಕೇಳುತ್ತೀಯ. ನಿನ್ನ ಅಂಜಿಕೆಯೆಲ್ಲ ಅಲ್ಲೇ ಇದೆ ಎಂದು ನನಗೆ ಗೊತ್ತು. ಆಸ್ಪತ್ರೆಯ ವಾರ್ಡಿನ ಬಾಗಿಲವರೆಗೂ ಹೋಗಿ, ಒಳಗೆ ಕಾಲಿಡಲಾಗದೆ ವಾಪಸು ಬಂದವನು ನೀನು. ಆಫೀಸಿಗೆ ಬಂದರೆ ಎಲ್ಲಿ ಅವರು ಎದುರಾಗುತ್ತಾರೋ ಎಂದೇ ಈ ಊರನ್ನೇ ಬಿಟ್ಟೆ. ಅವರ ವಿಷಯ ಈಗ ಬೇಡ. ಮೊದಲು ನಿನ್ನ ವಿಷಯ ಇತ್ಯರ್ಥವಾಗಲಿ.

ಪತ್ರ ಒಯ್ಯುವವರು ಹೊರಗೆ ಕಾಯುತ್ತಿದ್ದಾರೆ, ಕೊಟ್ಟು ಕಳಿಸಬೇಕು. ಇಸ್ತ್ರಿ ಮಾಡಿದ ಅಂಗಿ ಇಲ್ಲ ಅಂತ ನೆಪ ತೆಗೆಯಬೇಡ, ಇಲ್ಲಿವೆ. ನೀನಿಲ್ಲದ ಮನೆ ನನಗೆ ಸಾಕಾಗಿದೆ. ಬಾ.

ಇಂತಿ,
ಇನ್ನೂ ನಿನ್ನವಳೇ ಆಗಿರುವ
ಬಾಯಿಬಡುಕಿ

ಮ.ಸೂ.: ಬೇಕೆಂದೇ ಕೊನೆಗೆ ಉಳಿಸಿಕೊಂಡೆ, ಮೊದಲೇ ಬರೆದಿದ್ದರೆ ನೀನು ಹಿತ್ತಲ ಬಾಗಿಲಿಂದ ಓಡುತ್ತಿದ್ದೆ. ಈ ಪತ್ರ ತಂದುಕೊಟ್ಟವರನ್ನು ಯಾರೋ ನಮ್ಮ ಆಫೀಸಿನ ಜವಾನರು ಅಂದುಕೊಂಡಿರುತ್ತೀಯ. ಈಗ ಗಡ್ಡ ಬಿಟ್ಟಿದ್ದಾರೆ, ಮೈಯೂ ಇಳಿದಿದೆ, ಗುರುತು ಸಿಗುವುದು ಕಷ್ಟ. ಆ ಸಾಲನ್ನು ನಾನು ಎಲ್ಲರಿಗಿಂತ ಮೊದಲು ತೋರಿಸಿದ್ದು ಅವರಿಗೆ. ಪರದೆಯತ್ತ ಬಗ್ಗಿ ಎರಡು ಸಲ ಓದಿ, ‘ಕೈ ಹೋಗಿದ್ದು ನಂಗೊಬ್ನಿಗೇ ಅಂದ್ಕೊಂಡಿದ್ದೆ ಮೇಡಂ, ಬರೆಯೋ ಅವ್ರ ಕೈಯೂ ಹೋಗಿದೆ’ ಅಂದರು. ಪತ್ರ ನಾನೇ ಕೊಟ್ಟು, ಅವರನ್ನು ಕರೆದುಕೊಂಡೇ ಬರುತ್ತೇನೆ ಎಂದು ಹಠ ಹಿಡಿದರು. ಇನ್ನೂ ಬಾಗಿಲಲ್ಲೇ ನಿಂತಿದ್ದರೆ ಒಳಗೆ ಕರೆ. ಎಡಗೈಯಲ್ಲಿ ಕೊಟ್ಟರೆಂದು ತಪ್ಪು ತಿಳಿಯಬೇಡ.