ಖಾಲಿ ಕುರ್ಚಿಗೆ ಚಪ್ಪಾಳೆ

ಫೆಬ್ರವರಿ 6, ಬೆಳಿಗ್ಗೆ

ಮತ್ತೊಂದು ಊರು, ಮತ್ತೊಂದು ಲಾಡ್ಜು. ಗಿಟಾರಿಗೆ ಹೊಸ ತಂತಿ ಹಾಕಿದೆ. ಭಾಮೈದ ಕೀಬೋರ್ಡನ್ನು ಮಂಚದ ಮೇಲೆ ಮಲಗಿಸಿ ತಾನು ನೆಲಕ್ಕೆ ಬಿದ್ದುಕೊಂಡಿದ್ದಾನೆ — ಅದಕ್ಕೆ ಸೊಂಟನೋವು ಬರಬಾರದಂತೆ.

ನಿನ್ನೆ ಪ್ರಾರ್ಥನಾ ಸಭೆಯಲ್ಲಿ ಮೂರನೇ ಹಾಡಾದ ಮೇಲೆ ಎಂದಿನಂತೆ ಸಾಕ್ಷಿ ಹೇಳಿದೆ, ಕರ್ತನು ನಮ್ಮ ಮನೆಯಲ್ಲಿ ಮಾಡಿದ ಅದ್ಭುತದ್ದು. ಹೆಂಡತಿಯ ಶ್ವಾಸಕೋಶದ ಗಡ್ಡೆ, ಡಾಕ್ಟರು ಕೈಚೆಲ್ಲಿದ್ದು, ಪ್ರಾರ್ಥನೆ, ಗಡ್ಡೆ ಕರಗಿದ್ದು. ಜನ ಅತ್ತರು. ನಾನೂ ಅತ್ತೆ. ಪ್ರತಿ ಊರಲ್ಲೂ ಅದೇ ಜಾಗದಲ್ಲಿ ಅಳು ಬರುತ್ತದೆ. ನಾಟಕವಲ್ಲ.

ಫೆಬ್ರವರಿ 9

ಇವಳ ಫೋನು. ಸ್ಕ್ಯಾನ್ ಆಯಿತಂತೆ. ಗಡ್ಡೆ ಮತ್ತೆ ಬಂದಿದೆ, ಈ ಸಲ ಎರಡೂ ಕಡೆ. ಮನೆಗೆ ನೆಂಟರು ಬಂದ ಸುದ್ದಿ ಹೇಳುವ ಹಾಗೆ ಹೇಳಿದಳು. ತಮ್ಮನಿಗೆ ತಿಳಿಸಬೇಡಿ ಎಂದಳು. ವ್ಯಾನಿನಲ್ಲಿ ಅವನು ಜೋಕು ಹೊಡೆಯುತ್ತಿದ್ದ. ನಕ್ಕೆ.

ಫೆಬ್ರವರಿ 10

ಸಾಕ್ಷಿ ಬಿಟ್ಟು ನೇರ ಮುಂದಿನ ಹಾಡಿಗೆ ಹೋದೆ. ಭಾಮೈದ ಕಣ್ಣು ಕಣ್ಣು ಬಿಟ್ಟ. ಟೂರ್ ನಡೆಸುವ ಪಾಸ್ಟರ್ ಆಮೇಲೆ ಪಕ್ಕಕ್ಕೆ ಕರೆದರು. 22ರ ಸಭೆಯಲ್ಲಿ ರೆಕಾರ್ಡ್ ಮಾಡುವ ಲೈವ್ ಆಲ್ಬಮ್ಮಿಗೆ ಜೀವವೇ ಆ ಸಾಕ್ಷಿ, ಆ ದಿನ ಹೀಗೆ ಮರೆಯಬೇಡಿ, ಮನೆಯವರನ್ನೂ ಕರೆಸಿ ಮುಂದಿನ ಸಾಲಲ್ಲಿ ಕೂರಿಸಿ ಎಂದರು. ತಲೆಯಾಡಿಸಿದೆ. ನನ್ನ ಕತ್ತಿಗೆ ಬೇರೆ ಕೆಲಸ ಬರುವುದಿಲ್ಲ.

ಫೆಬ್ರವರಿ 21, ಮಧ್ಯಾಹ್ನ

ಇವಳು ಬಂದಳು. ಮೈ ತುಂಬಿಕೊಂಡ ಹಾಗೆ ಕಾಣಲೆಂದು ಒಳಗೊಂದು ಸ್ವೆಟರ್. ಹೇಗಿದೀನಿ, ಸಾಕ್ಷಿಗೆ ತಕ್ಕ ಹಾಗಿದೀನಾ ಎಂದು ಕಿಚಾಯಿಸಿದಳು. ನನ್ನಿಂದಾಗದು ಎಂದೆ.

"ಅಲ್ಲಿ ನನ್ನಂಥೋರು ಎಷ್ಟು ಜನ ಕೂತಿರ್ತಾರೋ," ಎಂದಳು. "ಅವರಿಗೆ ಇವತ್ತೊಂದಿನ ನೆಮ್ಮದಿಯಾಗಿ ನಿದ್ದೆ ಬರ್ಲಿ. ಹೇಳ್ಬಿಡಿ."

ಫೆಬ್ರವರಿ 22

ಹೇಳಿಬಿಟ್ಟೆ. ಭಾಮೈದ ಹಿಂದೆ ಮೆಲ್ಲಗೆ ನುಡಿಸುತ್ತಿದ್ದ. "ಈಗ ಅವಳ ಉಸಿರು ಸಲೀಸಾಗಿದೆ" ಅನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಕೆಮ್ಮು. ನಿಲ್ಲಲೇ ಇಲ್ಲ. ಸೌಂಡ್ ಎಂಜಿನಿಯರ್ ಹಿಂದಿನಿಂದ ಕೈಯೆತ್ತಿದ. ಮೈಕಿಗೆಲ್ಲ ಕೆಮ್ಮು ಬಿದ್ದಿದೆ, ಇನ್ನೊಂದು ಟೇಕ್ ಬೇಕು ಎಂದ.

ಇವಳು ತಾನಾಗಿಯೇ ಎದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ವ್ಯಾನಿಗೆ ಹೋದಳು, ರೆಕಾರ್ಡಿಂಗ್ ಕೆಡಬಾರದೆಂದು.

ಎರಡನೇ ಸಲ ಎಲ್ಲವನ್ನೂ ಹೇಳಿದೆ. ಎಲ್ಲೂ ತಡವರಿಸಲಿಲ್ಲ. ಅಳು ಮಾತ್ರ ಬರಲಿಲ್ಲ. ಪಾಸ್ಟರ್, ವಾಸಿಯಾದ ಸಹೋದರಿ ಇಗೋ ಇಲ್ಲೇ ಇದ್ದಾರೆ ಎಂದು ಕೈ ತೋರಿಸಿದರು. ಹಿಂದಿನವರಿಗೆ ಏನು ಕಾಣಬೇಕು? ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕುರ್ಚಿಯ ಮೇಲೆ ಇವಳ ಬ್ಯಾಗಿತ್ತು, ಅಷ್ಟೇ. ಒಳ್ಳೇ ಟೇಕ್ ಸಾರ್ ಎಂದ ಎಂಜಿನಿಯರ್.

ಏಪ್ರಿಲ್ 14

ನಿನ್ನೆ ಇವಳನ್ನು ಮಣ್ಣು ಮಾಡಿದೆವು.

ಭಾಮೈದ ಮಾತು ಬಿಟ್ಟಿದ್ದಾನೆ. "ಗೊತ್ತಿದ್ದೂ ನನ್ ಕೈಲಿ ನುಡಿಸಿದ್ರಲ್ಲ ಭಾವ" ಎಂದದ್ದೇ ಕೊನೆ. ಪ್ರಾರ್ಥನೆಗೆ ಕೂತೆ. ಬಾಯಿಗೆ ಬಂದದ್ದೆಲ್ಲ ಹಾಡಿನ ಸಾಲು... ನನ್ನವೇ. ಎದ್ದೆ.

ಮೇ 2

ಆಲ್ಬಮ್ ಬಂತು. ತಡೆಯಿರಿ ಎಂದು ಪಾಸ್ಟರಿಗೆ ಹೇಳಿ ಸಾಕಾಗಿತ್ತು. ಕರ್ತನ ಬಳಿ ಆಕೆ ಪೂರ್ತಿ ವಾಸಿಯಾಗಿದ್ದಾಳೆ, ಹಾಗಾಗಿ ಸಾಕ್ಷಿ ಸುಳ್ಳಲ್ಲ ಎಂದರು. ಆ ಮಾತು ಕೇಳಲಿಕ್ಕೆ ಚೆನ್ನಾಗಿತ್ತು.

ಮೇ 19, ಬೆಳಿಗ್ಗೆ

ಆಲ್ಬಮ್ ಕವರಿನ ಮೇಲಿನ ನಂಬರು ನೋಡಿ ಒಬ್ಬ ಹೆಂಗಸು ಫೋನ್ ಮಾಡಿದ್ದಳು. ಇವಳಿಗಿದ್ದ ಕಾಯಿಲೆಯೇ. ಸಾಕ್ಷಿಯನ್ನು ದಿನಾ ಕೇಳುತ್ತಾಳಂತೆ.

"ಕೀಮೋ ಬಿಟ್ಬಿಟ್ಟೆ ಅಣ್ಣಾ," ಎಂದಳು. ದನಿಯಲ್ಲಿ ಖುಷಿ. "ಮನೇಲಿ ಎಲ್ರೂ ಬೈತಾರೆ. ಅಕ್ಕನ ಹತ್ರ ಒಂದೇ ಒಂದ್ಮಾತು ಆಡ್ಬೇಕು. ಫೋನ್ ಕೊಡ್ತೀರಾ?"

ಮಲಗಿದ್ದಾಳೆ ಎಂದೆ. ಬಾಯಿಗೆ ಅದೇ ಬಂತು.

ಅಯ್ಯೋ ಎಬ್ಬಿಸಬೇಡಿ, ಸಂಜೆ ಮಾಡ್ತೀನಿ ಎಂದು ಇಟ್ಟೇಬಿಟ್ಟಳು. ವಾಪಸ್ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ. ಮತ್ತೆ.

ಸಂಜೆ

ಏನು ಹೇಳಬೇಕೆಂದು ಬರೆದು ನೋಡುತ್ತಿದ್ದೇನೆ.

ತಂಗೀ, ಆಸ್ಪತ್ರೆಗೆ ವಾಪಸ್ ಹೋಗಮ್ಮ. — ಯಾಕೆ ಅಂತಾಳೆ.

ನಮ್ಮನೆಯವಳು ತೀರಿಕೊಂಡಳು. — ಮೊದಲೇ ಹೀಗಂದರೆ ಇರುವ ಧೈರ್ಯವೂ ಹೋದೀತು.

ನಾನು ಹೇಳಿದ್ದು ನಿಜವೇ, ಆಮೇಲೆ... ಥೂ. ಮತ್ತೆ ಅದೇ.

ಫೋನು ಹೊಡೆದುಕೊಳ್ಳುತ್ತಿದೆ. ಅವಳದೇ ನಂಬರು.

ತಂಗೀ, ನಾನು